ಮೊದಲು ಹೊಳೆಯ ಕೆಸರು ಪರೀಕ್ಷಿಸಿ

ಬೆಂಗಳೂರಿನ ವೃಷಭಾವತಿ ಹೊಳೆಯ ಮಾತು ಬಂದಾಗಲೆಲ್ಲ ಕೊನೆಗೆ ಬೈಸಿಕೊಳ್ಳುವವ ರೈತ. ಪೀಣ್ಯ, ರಾಜಾಜಿನಗರ, ಮೈಸೂರು ರಸ್ತೆ ಕಡೆಯ ಕೊಳಚೆ ಹೊತ್ತು ಆ ಹೊಳೆ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗ್ತದೆ. ಅಲ್ಲಿಂದ ಅರ್ಕಾವತಿ, ಮತ್ತೆ ಸಂಗಮದಲ್ಲಿ ಕಾವೇರಿ. ಕೆರೆಯ ಕೆಳಗಿನವರು ಆ ನೀರಿನಲ್ಲೇ ಹುಲ್ಲು, ರೇಷ್ಮೆಸೊಪ್ಪು, ತರಕಾರಿ ಬೆಳೆಸ್ತಾರೆ. ಬೇರೆ ನೀರು ಎಲ್ಲುಂಟು ಅವರಿಗೆ? ವಿಷದ ತರಕಾರಿ ಅಂತ ಅವರ ಬೆಳೆಗೆ ಹೆಸರು ಬಿತ್ತು. ವಿಷ ಬಿಟ್ಟವರಿಗೆ ಮಾತ್ರ ಹೆಸರೇ ಇಲ್ಲ!

ನನ್ನದು ಗುಡ್ಡೆ ಜಾಗ, ಮಳೆ ಬಂದರೆ ಬೆಳೆ. ಹೊಳೆ ನೀರಿನ ಹಂಗಿಲ್ಲ. ಆದರೆ ಘಟ್ಟದ ಮೇಲಿನ ತರಕಾರಿ ಪುತ್ತೂರು ಸಂತೆಗೂ ಬರ್ತದಲ್ಲ, ತಿನ್ನುವವರು ನಾವೇ.

ಸೀಸ, ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂನಂಥ ಭಾರಲೋಹ ಎಲ್ಲಿಂದ ಬಂತು ಅಂತ ಹುಡುಕುವುದು ಆಗದ ಕೆಲಸ ಅಲ್ಲ. ಬಾಟ್ಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿದರೆ ಸಾಲದು. ಹಗಲು ನೀರು ತೆಗೆದರೆ ರಾತ್ರಿ ಬಿಟ್ಟದ್ದು ಸಿಕ್ಕುವುದಿಲ್ಲ, ಅದು ಆಗಲೇ ಮುಂದೆ ಹೋಗಿರ್ತದೆ. ಲೋಹ ಸೆಗಣಿಯ ಹಾಗೆ ಕೊಳೆತು ಮಾಯವಾಗುವ ವಸ್ತುವಲ್ಲ. ಹೆಚ್ಚಿನ ಪಾಲು ನುಣ್ಣನೆಯ ಕೆಸರಿಗೆ ಅಂಟಿ ತಳದಲ್ಲಿ ಕೂತಿರ್ತದೆ. ಆದ್ದರಿಂದ ಪ್ರತಿಯೊಂದು ಚರಂಡಿ ಹೊಳೆಗೆ ಸೇರುವಲ್ಲಿ, ಸ್ವಲ್ಪ ಮೇಲಿಂದ ಒಂದು ಹಿಡಿ, ಕೆಳಗಿಂದ ಒಂದು ಹಿಡಿ ಕೆಸರು ತೆಗೆಯಬೇಕು. ಮೇಲೆ ಕಮ್ಮಿ, ಕೆಳಗೆ ಜಾಸ್ತಿ ಕಂಡರೆ ಆ ಚರಂಡಿಯನ್ನೇ ಹಿಡಿದು ಮೇಲಕ್ಕೆ ಹೋಗುವುದು, ತಪ್ಪಿಸಿಕೊಂಡ ದನದ ಹೆಜ್ಜೆ ಹಿಡಿದು ಹೋದ ಹಾಗೆ. ಸಿಕ್ಕಿದ ಲೋಹವೂ ಗುರುತು ಹೇಳ್ತದೆ. ಕ್ರೋಮಿಯಂ, ನಿಕ್ಕಲ್ ಒಟ್ಟಿಗೆ ಇದ್ದರೆ ಇಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳ ಮೇಲೆ ಸಂಶಯ. ಸೀಸ ಆದರೆ ಹಳೆ ಬ್ಯಾಟರಿ ಒಡೆಯುವವರು ಇದ್ದಾರಾ ಅಂತ ನೋಡಬೇಕು. ಟಯರು ಸವೆದ ಸತು, ಬ್ರೇಕು ಸವೆದ ತಾಮ್ರ ರಸ್ತೆಯ ಮಳೆನೀರಿನೊಟ್ಟಿಗೂ ಬರ್ತದೆ. ಕಾರ್ಖಾನೆಯನ್ನೊಂದೇ ದೂರಿದರೂ ಸರಿಯಾಗದು.

ತಾಮ್ರದ ಲೆಕ್ಕಕ್ಕೆ ನಮ್ಮ ಅಡಿಕೆ ತೋಟಗಳೂ ಸೇರಬೇಕು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತು, ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ಕೊಳೆರೋಗಕ್ಕೆ ವರ್ಷ ವರ್ಷ ಬಿಟ್ಟದ್ದು ಹೆಚ್ಚಾಗಿ ಮಣ್ಣಲ್ಲೇ ಉಳೀತದೆ, ಮಣ್ಣು ಕೊಚ್ಚಿ ಹೋದರೆ ತೋಡಿಗೆ. ಮದ್ದು ಬಿಡಬೇಡಿ ಎನ್ನುತ್ತಿಲ್ಲ. (ಅಡಿಕೆ ಇಲ್ಲದವನಿಗೆ ಹೇಳಲಿಕ್ಕೆ ಸುಲಭ ಅನ್ನುವಿರಾ? ಅನ್ನಿ.)

ಶುದ್ಧೀಕರಣ ಘಟಕ ಕಟ್ಟಿದರೆ ಮುಗೀತು ಅನ್ನುವವರಿದ್ದಾರೆ. ಮನೆಗಳ ಕೊಳಚೆಗೆಂದು ಕಟ್ಟಿದ ಘಟಕ ಲೋಹವನ್ನು ನಾಶ ಮಾಡುವುದಿಲ್ಲ. ಬಹಳಷ್ಟು ಅದರ ಗಸಿಯಲ್ಲಿ ಸೇರ್ತದೆ. ಗಸಿ ಗೊಬ್ಬರ ಅಂತ ಪುನಃ ರೈತನ ಗದ್ದೆಗೇ!

ನಮ್ಮ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರ್ತದೆ. ಅದೇ ನೀರು ತುಂಬೆಯಿಂದ ಮಂಗಳೂರಿನವರಿಗೆ ಕುಡಿಯಲು. ಪೇಟೆಗಳು ಬೆಳೀತಾ ಇವೆ, ಗ್ಯಾರೇಜು, ಪೇಂಟಿಂಗ್ ಶೆಡ್ಡು ಎಲ್ಲ ಬರ್ತಾ ಉಂಟು. ಈಗಲೇ ಕೆಸರಿನ ಲೆಕ್ಕ ಬರೆದಿಟ್ಟರೆ ಮುಂದೆ ಏರಿದಾಗ ಯಾವ ಕಡೆಯಿಂದ ಅಂತ ತಿಳಿದೀತು. ಮಾಲಿನ್ಯ ನಿಯಂತ್ರಣ ಮಂಡಳಿ ಮಳೆಗಾಲದ ಮೊದಲು ಒಮ್ಮೆ, ಕಳೆದ ಮೇಲೆ ಒಮ್ಮೆ ಈ ಕೆಲಸ ಮಾಡಿ, ಯಾವ ಚರಂಡಿಯಲ್ಲಿ ಎಷ್ಟು ಅಂತ ಪಂಚಾಯತಿನ ಬೋರ್ಡಿನಲ್ಲಿ ಹಾಕಲಿ. ಖರ್ಚು, ಯಾರ ಚರಂಡಿಯಲ್ಲಿ ಸಿಕ್ಕಿತೋ ಅವರದ್ದು.