ಕೊಂಡಜ್ಜಿಯ ಶಾಲೆಯೋ, ದಾವಣಗೆರೆಯ ಶಾಲೆಯೋ?

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮಗುವನ್ನು ಊರಿನ ಸರಕಾರಿ ಶಾಲೆಯಲ್ಲೇ ಮುಂದುವರಿಸುವುದೇ, ದಾವಣಗೆರೆಯ ಅಥವಾ ಹರಿಹರದ ಸರಕಾರಿ ಶಾಲೆಗೆ ಸೇರಿಸುವುದೇ? ಖಾಸಗಿ ಶಾಲೆಯ ಶುಲ್ಕ ಭರಿಸಲಾಗದ ಕುಟುಂಬಗಳ ಮುಂದಿರುವ ಆಯ್ಕೆ ಇಷ್ಟೇ. ಮಕ್ಕಳು ನಮ್ಮ ಕೈಗೆ ಒಪ್ಪಿಸಲ್ಪಟ್ಟ ಅಮಾನತ್ ಎಂದು ನಂಬುವ ನಾವು ಈ ತೀರ್ಮಾನವನ್ನು ಪಟ್ಟಣದ ಹೆಸರು ಕೇಳಿಯೇ ಕೈಗೊಳ್ಳುತ್ತೇವೆ. ಶಾಲೆಯನ್ನು ಕಣ್ಣಾರೆ ಕಂಡು ನಿರ್ಧರಿಸುವವರು ವಿರಳ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯನ್ನೇ ತೆಗೆದುಕೊಳ್ಳೋಣ. ಕೆರೆಗೆ, ಕಾಡಿಗೆ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರಕ್ಕೆ ಹೆಸರಾದ ಊರದು. ಶಿಸ್ತು, ಸ್ವಾವಲಂಬನೆ ಕಲಿಯಲೆಂದು ಹೊರಗಿನ ಮಕ್ಕಳು ಶಿಬಿರಕ್ಕೆ ಅಲ್ಲಿಗೆ ಬರುತ್ತಾರೆ. ಅಂತಹ ಊರಿನ ಮಕ್ಕಳಿಗೂ ಪಟ್ಟಣದ ಶಾಲೆಯೇ ಮೇಲೆಂದು ಭಾವಿಸುವುದು ಸೋಜಿಗ.

ಬಹಳಷ್ಟು ಪಾಲಕರಿಗೆ ತಿಳಿಯದ ಸಂಗತಿಯೊಂದಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ವಿದ್ಯಾರ್ಥಿಗೆ ಸಿಇಟಿ ಮೂಲಕ ದೊರೆಯುವ ವೃತ್ತಿಪರ ಸೀಟುಗಳಲ್ಲಿ ಶೇ. 15ರಷ್ಟು ಗ್ರಾಮೀಣ ಮೀಸಲಾತಿಯಿದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಪ್ರತ್ಯೇಕವಾಗಿದೆ. ಇವು ಆಯಾ ವರ್ಗದ ಒಳಗೇ ಅನ್ವಯವಾಗುವುದರಿಂದ ನಮ್ಮ 2ಬಿ ವರ್ಗದ ಮಗುವಿಗೂ ಸಲ್ಲುತ್ತವೆ. ಆದರೆ ಹತ್ತು ವರ್ಷವೆಂದರೆ ಹತ್ತೂ ವರ್ಷ. ಎಂಟನೆಯ ತರಗತಿಗೆಂದು ಮಗುವನ್ನು ದಾವಣಗೆರೆಯ ಆಜಾದ್ ನಗರದ ನೆಂಟರ ಮನೆಯಲ್ಲಿರಿಸಿ ನಗರದ ಶಾಲೆಗೆ ಸೇರಿಸಿದ ದಿನವೇ ಗ್ರಾಮೀಣ ಮೀಸಲಾತಿಯ ಹಕ್ಕು ತಪ್ಪುತ್ತದೆ. ಪಿಯುಸಿ ಮುಗಿಸಿ ವ್ಯಾಸಂಗ ಪ್ರಮಾಣಪತ್ರಗಳಿಗಾಗಿ ಓಡಾಡುವಾಗ ಇದು ಅರಿವಾದರೆ ಪ್ರಯೋಜನವಿಲ್ಲ. ಊರಿನ ಶಾಲೆಯಲ್ಲಿ ಆಂಗ್ಲ ಮಾಧ್ಯಮ ವಿಭಾಗವಿದ್ದು ಅದಕ್ಕೆ ಸೇರಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿ ಹೋಗುತ್ತದೆ, ಗ್ರಾಮೀಣದ್ದು ಉಳಿಯುತ್ತದೆ. ಉರ್ದು ಮಾಧ್ಯಮಕ್ಕೂ ಇದೇ ಲೆಕ್ಕ.

ಇನ್ನು ಪ್ರಯಾಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಆದರೂ ಬೆಳಿಗ್ಗೆ ಮದ್ರಸಾ ಮುಗಿಸಿ ಬಸ್ಸಿಗೆ ಓಡುವ, ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಹುಡುಗಿಗೆ ಓದಲು ಉಳಿಯುವ ಗಂಟೆಗಳೆಷ್ಟು? ಬಸ್ಸು ತಡವಾದ ನಾಲ್ಕು ದಿನದ ನೆಪ ಸಾಕು, ಶಾಲೆ ಬಿಡುವ ಸರದಿ ಮೊದಲು ಬರುವುದು ಮಗಳಿಗೆ, ಮಗನಿಗಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನಾವು ಹಿಂಜರಿಯುತ್ತೇವೆ.

ಹಾಗೆಂದು ಹಳ್ಳಿಯ ಶಾಲೆಗಳೆಲ್ಲ ಚೆನ್ನಾಗಿವೆಯೆಂದು ನಾವು ವಾದಿಸುತ್ತಿಲ್ಲ. ಗಣಿತಕ್ಕೂ ವಿಜ್ಞಾನಕ್ಕೂ ಶಿಕ್ಷಕರಿಲ್ಲದ ಶಾಲೆಯಲ್ಲಿ ಮೀಸಲಾತಿಯ ಆಸೆಗಾಗಿ ಮಗುವನ್ನು ಕೂರಿಸುವುದು ಅನ್ಯಾಯ. ಅಂತಹ ಕಡೆಯಿಂದ ಧಾರಾಳವಾಗಿ ಕರೆತನ್ನಿ. ಆದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ನಲಿ-ಕಲಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯವಿಡೀ ಹಬ್ಬಿದ ಪದ್ಧತಿ. ಕೇಳಬೇಕಾದದ್ದು ಬೇರೆ: ಎಷ್ಟು ಹುದ್ದೆಗಳು ಖಾಲಿಯಿವೆ? ಐದನೆಯ ತರಗತಿಯ ಮಗು ತಡವರಿಸದೆ ಒಂದು ಪುಟ ಓದಬಲ್ಲದೇ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೇ? ಪಟ್ಟಣದ ಶಾಲೆಗೂ ಇದೇ ಪ್ರಶ್ನೆಗಳನ್ನು ಹಿಡಿದು ಹೋಗಬೇಕು. ಅಲ್ಲಿ ಒಂದು ತರಗತಿಯಲ್ಲಿ ಎಷ್ಟು ಮಕ್ಕಳೆಂಬುದನ್ನೂ ಎಣಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ಸಾಮಾನ್ಯವಾಗಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರಿರಬೇಕು.

ಅದೇ ಕಾಯ್ದೆ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ನಮ್ಮಲ್ಲಿ ಅದು ಎಸ್‌ಡಿಎಂಸಿ. ಅರ್ಜಿ ಬರೆಯಬಲ್ಲ, ಬಿಇಒ ಕಚೇರಿಗೆ ಹೋಗಿ ಶಿಕ್ಷಕರನ್ನು ಕೇಳಬಲ್ಲ ಪಾಲಕರೇ ಮಕ್ಕಳನ್ನು ಮೊದಲು ಪಟ್ಟಣಕ್ಕೆ ಸಾಗಿಸುತ್ತಾರೆ. ಉಳಿಯುವುದು ಕೂಲಿಗೆ ಹೋಗುವವರ ಮಕ್ಕಳು. ಅವರ ತಾಯಂದಿರು ಸಭೆಗೆ ಬಂದರೆ ಒಂದು ದಿನದ ಕೂಲಿ ಖೋತಾ. ನೆರೆಯವರ ಹಕ್ಕಿನ ಕುರಿತು ಶುಕ್ರವಾರದ ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆ ಮಕ್ಕಳೂ ನೆರೆಯವರೇ. ನಮ್ಮ ಮಗುವನ್ನು ಎಲ್ಲಿಗೇ ಸೇರಿಸಲಿ, ಈ ಜೂನ್‌ನಲ್ಲಿ ಊರಿನ ಶಾಲೆಯ ಸಭೆಗೆ ಅವರ ಪರವಾಗಿ ಮಾತನಾಡಬಲ್ಲ ಒಬ್ಬರಾದರೂ ನಮ್ಮ ಜಮಾಅತ್‌ನಿಂದ ಹೋಗಬೇಕು.