ವಾಪಸ್ ಬಂದ ಕ್ರೇಟನ್ನೂ ಬರೆದಿಡಿ

ತೋಟಗಾರಿಕೆ ಪದವಿ ಮುಗಿಸಿ ಸಾವಯವ ಟೊಮೆಟೊಗೆ ಇಳಿದಾಗ, ಚೆನ್ನಾಗಿ ಬೆಳೆದ್ರೆ ಸಾಕು ಅಂದುಕೊಂಡಿದ್ದೆ. ಬೆಂಗಳೂರಿನ ಒಂದು ಅಂಗಡಿಗೆ ವಾರಕ್ಕೆ ಎರಡು ಸಲ 10 ಕ್ರೇಟ್ ಕಳಿಸ್ತಿದ್ದೆ. ಆಗಾಗ ಎರಡು ಮೂರು ಕ್ರೇಟ್ ‘ಹಣ್ಣು ಮೆತ್ತಗಾಗಿದೆ’ ಅಂತ ವಾಪಸ್! ಬಾಡಿಗೆಯೂ ನಷ್ಟ. ಖರೀದಿಯವರನ್ನ ಮನಸಾರೆ ಬೈಕೊಂಡೆ.

ಕೊನೆಗೆ ಮೊಬೈಲ್‌ನಲ್ಲೇ ಗೂಗಲ್ ಶೀಟ್ ತೆರೆದು ಐದು ಕಾಲಂ ಮಾಡಿದೆ: ಕೊಯ್ದ ದಿನ ಮತ್ತು ಹೊತ್ತು, ಯಾವ ತಾಕು, ಕಳಿಸಿದ ಕೆ.ಜಿ., ಒಪ್ಪಿದ ಕೆ.ಜಿ., ವಾಪಸಿಗೆ ಕಾರಣ. ಒಂದೇ ತಿಂಗಳಲ್ಲಿ ಗುಟ್ಟು ರಟ್ಟಾಯ್ತು. ವಾಪಸ್ ಬಂದಿದ್ದೆಲ್ಲ ಹೆಚ್ಚುಕಮ್ಮಿ ಸೋಮವಾರದ ಲೋಡು. ಭಾನುವಾರ ಆಳು ಸಿಗಲ್ಲ ಅಂತ ಶನಿವಾರ ಮಧ್ಯಾಹ್ನದ ಬಿಸಿಲಲ್ಲೇ ಕೆಂಪು ಹಣ್ಣು ಕೊಯ್ದಿಡ್ತಿದ್ದೆ. ತಪ್ಪು ನನ್ನದೇ. ಈಗ ಭಾನುವಾರ ಬೆಳಗ್ಗೆ ಮನೆಯವರೆಲ್ಲ ಸೇರಿ, ಬಣ್ಣ ತಿರುಗುವ ಹಂತದಲ್ಲೇ ಕೊಯ್ತೀವಿ. ವಾಪಸ್ ಬರೋದು ಅಪರೂಪ.

ಸಪ್ಲೈ ಚೈನ್ ಅಂದ್ರೆ ದೊಡ್ಡ ಕಂಪನಿಗಳ ಮಾತಲ್ಲ. ನಮ್ಮ ತಾಕಿನಿಂದ ಗಿರಾಕಿಯ ಅಡುಗೆಮನೆವರೆಗಿನ ದಾರಿ. ಅದರಲ್ಲಿ ಲೆಕ್ಕ ಇಲ್ಲದವನ ಮಾತು ನಡೆಯಲ್ಲ. ದುಡ್ಡು ಕೊಟ್ಟು ಆ್ಯಪ್ ತಗೊಳ್ಳೋ ಮೊದಲು ಈ ಐದು ಕಾಲಂ ತುಂಬೋ ಅಭ್ಯಾಸ ಮಾಡ್ಕೊಳ್ಳಿ. ಕನಿಷ್ಠ 5 ರೈತರು ಸೇರಿ ಪಿಜಿಎಸ್ ಸಾವಯವ ಗುಂಪು ಕಟ್ಟಿದ್ರೂ ದಾಖಲೆ ಬೇಕೇ ಬೇಕು. ಖರೀದಿಯವರು ನಿಜವಾಗ್ಲೂ ತಪ್ಪು ಮಾಡಿದಾಗ ಧೈರ್ಯವಾಗಿ ಕೇಳೋಕೂ ಅದೇ ಆಧಾರ.

ಇವತ್ತು ಕೊಯ್ದಿದ್ದೀರಾ? ಮಲಗೋ ಮುಂಚೆ ಮೊದಲ ಸಾಲು ಬರೆಯಿರಿ.