ದುಡ್ಡು ಬಂದಾಗ ಕನ್ನಡ, ನಿಂತಾಗ ಇಂಗ್ಲಿಷ್

ಪುಣೆಯ ನಮ್ಮ ಬಡಾವಣೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಕಾಕು ಇದ್ದಾರೆ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತಾರೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮರಾಠಿಯವರು; ಇಳಕಲ್ ಸೀರೆ ತಮ್ಮದೇ ಎಂಬಂತೆ ಉಡುವವರು. ಕಳೆದ ವರ್ಷ ಮದುವೆ ಸೀಸನ್ನಿಗೆ ಮೊದಲು ಕಾಕು ಕಾರ್ಡ್ ಮಶೀನು ತೆಗೆದುಕೊಂಡರು. ನವೆಂಬರಿನಲ್ಲಿ ಒಂದು ಕುಟುಂಬ ಬಂದು ಹದಿನಾಲ್ಕು ಸೀರೆ ಆರಿಸಿ, 84,000 ರೂಪಾಯಿಯನ್ನು ಒಂದೇ ಸಲ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟು ಹೋಯಿತು. ಮರುದಿನ ಖಾತೆಗೆ ದುಡ್ಡು ಬರಬೇಕಿತ್ತು. ಬಂದದ್ದು ಇಂಗ್ಲಿಷಿನ ಒಂದು ಇಮೇಲ್.

ಮೂರನೆಯ ದಿನ ಕಾಕು ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಇದರಾಗ ಏನ್ ಬರದಾರ, ಒಂಚೂರು ಓದಿ ಹೇಳವಾ."

ಓದಿದೆ. ಒಪ್ಪಂದದ ಇಂಥ ಕಲಮಿನ ಪ್ರಕಾರ ಖಾತೆ ಪರಿಶೀಲನೆಗೆ ಒಳಪಟ್ಟಿದೆ, ಅಲ್ಲಿಯವರೆಗೆ ಪಾವತಿಗಳನ್ನು ತಡೆಹಿಡಿಯಲಾಗಿದೆ ಎಂದಿತ್ತು. ನಾನು ಹಾಗೆಯೇ ಹೇಳಿದೆ: "ನಿಮ್ಮ ರೊಕ್ಕ ತಡೆಹಿಡಿಯಲಾಗಿದೆ ಅಂತ ಅದ ಕಾಕು."

"ಯಾರು ತಡದಾರ?"

ನನ್ನ ಬಳಿ ಉತ್ತರವಿರಲಿಲ್ಲ. ಇಮೇಲಿನ ಕೆಳಗೆ ಹೆಸರಿರಲಿಲ್ಲ, 'ತಂಡ' ಎಂದಷ್ಟೇ ಇತ್ತು. ಉತ್ತರಿಸಬೇಡಿ ಎಂದು ವಿಳಾಸದಲ್ಲೇ ಬರೆದಿತ್ತು.

ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ಅನುವಾದ ಮಾಡಿ ಹೊಟ್ಟೆ ಹೊರೆಯುವವಳು ನಾನು. ಕರ್ಮಣಿ ಪ್ರಯೋಗದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. 'ತಡೆಹಿಡಿಯಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು' ಎಂದು ನಾವು ಬರೆಯುತ್ತೇವೆ, ಯಾರೂ ಮಾತಾಡುವುದಿಲ್ಲ. ಮಾತಿನ ಕನ್ನಡದಲ್ಲಿ ದುಡ್ಡನ್ನು ಯಾರೋ ಹಿಡಿದುಕೊಳ್ಳಬೇಕು; ತಾನಾಗಿಯೇ ಅದು ಹಿಡಿಯಲ್ಪಡುವುದಿಲ್ಲ. ಕಾಕು ಕೇಳಿದ್ದು ವ್ಯಾಕರಣದ ಪ್ರಶ್ನೆಯಲ್ಲ. ಆದರೆ ಆ ಇಮೇಲನ್ನು ಅವರ ಕನ್ನಡಕ್ಕೆ ತರಬೇಕಾದರೆ ಮೊದಲು ಅದಕ್ಕೆ ಉತ್ತರ ಸಿಗಬೇಕಿತ್ತು.

ಇದನ್ನು ಹೇಳಿದಾಗ ಐಟಿಯಲ್ಲಿರುವ ಗೆಳೆಯರೆಲ್ಲ ಕೊಟ್ಟದ್ದು ಒಂದೇ ಬುದ್ಧಿಮಾತು: ಮೊದಲೇ ನಾಲ್ಕು ಕಂಪನಿಗಳ ರೇಟು ಹೋಲಿಸಿ ನೋಡಬೇಕಿತ್ತು. ಈ ಮಾತಿನ ಮೇಲೆಯೇ ನನ್ನ ಸಿಟ್ಟು. ಯಾಕೆಂದರೆ ಕಾಕು ರೇಟು ಹೋಲಿಸಿಯೇ ತೆಗೆದುಕೊಂಡಿದ್ದರು. ಅವರ ಕರೆಂಟ್ ಅಕೌಂಟ್ ಇರುವ ಬ್ಯಾಂಕು ಕ್ರೆಡಿಟ್ ಕಾರ್ಡಿಗೆ ಶೇ. 2 ಹೇಳಿತ್ತು, ಮನೆ ಬಾಗಿಲಿಗೆ ಬಂದ ಏಜೆಂಟ್ ಶೇ. 1.8 ಎಂದ. ಕಾರ್ಡಿನ ವ್ಯಾಪಾರ ತಿಂಗಳಿಗೆ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಉಳಿತಾಯ ತಿಂಗಳಿಗೆ 200 ರೂಪಾಯಿ. ದುಡ್ಡು ನಿಂತಾಗ ಇಳಕಲ್‌ನ ನೇಕಾರರಿಗೆ ಕೊಡಬೇಕಾದ ಬಾಕಿಗಾಗಿ ಕಾಕು ಭಿಶಿಯಲ್ಲಿ 60,000 ಎತ್ತಿದರು, ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಂತೆ. ಒಂದು ತಿಂಗಳ ಬಡ್ಡಿ 1,800. ಒಂಬತ್ತು ತಿಂಗಳ ಉಳಿತಾಯ ಅಲ್ಲಿಗೆ ಮುಗಿಯಿತು.

ರೇಟನ್ನಾದರೂ ಏಜೆಂಟರು ನೆಟ್ಟಗೆ ಹೇಳುತ್ತಾರೆಯೇ? 'ಎಲ್ಲಾ ಸೇರಿ 1.8' ಎಂದರೆ ಅನುಮಾನಪಡಿ. ಎಲ್ಲ ಕಾರ್ಡಿಗೂ ಒಂದೇ ರೇಟು ಇರುವಂತಿಲ್ಲ. 2018ರ ಜನವರಿಯಿಂದ ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿಗೆ ಮಿತಿ ಹಾಕಿದೆ: ವರ್ಷದ ವಹಿವಾಟು 20 ಲಕ್ಷದೊಳಗಿನ ಅಂಗಡಿಗೆ ಮಶೀನಿನಲ್ಲಿ ಹೆಚ್ಚೆಂದರೆ ಶೇ. 0.40, ಅದೂ ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಶೇ. 0.90, ಮಿತಿ 1,000 ರೂಪಾಯಿ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಈ ಶುಲ್ಕ ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ರಿಸರ್ವ್ ಬ್ಯಾಂಕಿನ ಮಿತಿಯಿಲ್ಲ, ಅಲ್ಲಿ ಚೌಕಾಸಿ ಮಾಡಬಹುದು. ಆದ್ದರಿಂದ ಡೆಬಿಟ್ಟಿಗೆಷ್ಟು, ಕ್ರೆಡಿಟ್ಟಿಗೆಷ್ಟು, ವಿದೇಶಿ ಕಾರ್ಡಿಗೆಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಬೇರೆ. 84,000ದಂಥ ವ್ಯವಹಾರದಲ್ಲಿ ಶೇ. 2 ಎಂದವರದು ಕೈಗೆ ಬರುವಾಗ ಶೇ. 2.36 ಆಗಿರುತ್ತದೆ. ಮಶೀನಿನ ಬಾಡಿಗೆ, ಕಡಿಮೆ ಉಜ್ಜಿದರೆ ದಂಡ, ಅದೇ ದಿನ ದುಡ್ಡು ಬೇಕೆಂದರೆ ಅದಕ್ಕೊಂದು ಶುಲ್ಕ, ಇವೆಲ್ಲ ಆಮೇಲೆ ಒಂದೊಂದಾಗಿ ಹೊರಬರುತ್ತವೆ.

ಇಷ್ಟಾದರೂ ರೇಟು ದೊಡ್ಡ ಸಂಗತಿಯಲ್ಲ. ಕಾಕುವಿನ ದುಡ್ಡು ನಿಂತದ್ದು ರೇಟಿನಿಂದಲ್ಲ, ಅರ್ಜಿಯಲ್ಲಿದ್ದ ಒಂದು ಸಂಖ್ಯೆಯಿಂದ.

ಹನ್ನೆರಡು ದಿನ ಹೆಲ್ಪ್‌ಲೈನಿನ ಹಿಂದೆ ಬಿದ್ದ ಮೇಲೆ ನಮಗೆ ಗೊತ್ತಾದದ್ದು ಇದು. ಅರ್ಜಿಯಲ್ಲಿ 'ಒಂದು ವ್ಯವಹಾರದ ಸರಾಸರಿ ಮೊತ್ತ' ಎಂಬ ಖಾನೆಯಿರುತ್ತದೆ, 'ತಿಂಗಳಿಗೆ ಅಂದಾಜು ವಹಿವಾಟು' ಎಂದು ಇನ್ನೊಂದು. ಏಜೆಂಟ್ ತನ್ನ ಫೋನಿನಲ್ಲೇ ಅರ್ಜಿ ತುಂಬಿ, ಸರಾಸರಿ 1,500 ಎಂದು ಬರೆದಿದ್ದ. ಕಾಕುವನ್ನು ಕೇಳಿರಲಿಲ್ಲ. ಎಲ್ಲ ಅಂಗಡಿಗೂ ಹಾಗೆಯೇ ಬರೆಯುತ್ತಾನೋ ಏನೋ. ಓಟಿಪಿ ಮಾತ್ರ ಕೇಳಿದ, ಕಾಕು ಹೇಳಿದರು, ಅದೇ ಸಹಿಯಾಯಿತು. ಸರಾಸರಿ 1,500 ಎಂದು ನೋಂದಾದ ಅಂಗಡಿಯಲ್ಲಿ ಒಂದೇ ಸಲ 84,000 ಉಜ್ಜಿದರೆ ಕಂಪನಿಯ ಕಂಪ್ಯೂಟರು ಕೆಂಪು ದೀಪ ಹಚ್ಚುತ್ತದೆ. ಕದ್ದ ಕಾರ್ಡು ಇರಬಹುದು, ಕಾರ್ಡು ಉಜ್ಜಿ ನಗದು ಕೊಡುವ ದಂಧೆ ಇರಬಹುದು. ಪರಿಶೀಲನೆ ಮಾಡುವುದು ತಪ್ಪಲ್ಲ, ಮಾಡಲೇಬೇಕು. ಆದರೆ ಆ ಖಾನೆ ಏನು, ಅದರಲ್ಲಿ ಬರೆದ ಸಂಖ್ಯೆಗೆ ನಾಳೆ ಎಂಥ ಬೆಲೆ ತೆರಬೇಕಾದೀತು ಎಂದು ಕಾಕುವಿಗೆ ಅರ್ಥವಾಗುವ ಯಾವ ಭಾಷೆಯಲ್ಲೂ ಯಾರೂ ಹೇಳಿರಲಿಲ್ಲ. "ಮದುವಿ ಸೀಜನ್ನಾಗ ಒಬ್ಬೊಬ್ರು ಲಕ್ಷದ್ದ ಒಯ್ತಾರ, ನನ್ನ ಕೇಳಿದ್ರ ನಾನ ಹೇಳ್ತಿದ್ದೆ" ಎಂದರು ಕಾಕು. ಅಷ್ಟೇ ವಿಷಯ.

ಇನ್ನು ನನ್ನದೇ ಒಂದು ಲೆಕ್ಕ ಒಪ್ಪಿಸಬೇಕು. ಇಂಥ ಕಂಪನಿಗಳಿಗೆ ನಾನು ಏಜೆನ್ಸಿಗಳ ಮೂಲಕ ಐದಾರು ವರ್ಷಗಳಿಂದ ಅನುವಾದ ಮಾಡಿದ್ದೇನೆ. ಜಾಹೀರಾತು, ಆ್ಯಪಿನ ಪರದೆಗಳು, ಸ್ವಾಗತದ ಸಂದೇಶ, ಅಂಗಡಿಯ ಗೋಡೆಗೆ ಅಂಟಿಸುವ ಸ್ಟಿಕ್ಕರು. 'ನಿಮ್ಮ ಹಣ, ಮರುದಿನವೇ ನಿಮ್ಮ ಖಾತೆಗೆ' ಎಂಬಂಥ ಸಾಲುಗಳನ್ನು ಹತ್ತಾರು ಬಗೆಯಲ್ಲಿ ಬರೆದುಕೊಟ್ಟಿದ್ದೇನೆ. ಗಲ್ಲಾಪೆಟ್ಟಿಗೆಯ ಪಕ್ಕದ ಸೌಂಡ್‌ಬಾಕ್ಸ್ ಬೇಕೆಂದರೆ ಕನ್ನಡದಲ್ಲಿ 'ಸ್ವೀಕರಿಸಲಾಗಿದೆ' ಎಂದು ಕೂಗುತ್ತದಲ್ಲ, ಅಂಥ ಸಾಲುಗಳೂ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಈ ಐದಾರು ವರ್ಷಗಳಲ್ಲಿ ಒಪ್ಪಂದದ ಒಂದೇ ಒಂದು ಪುಟ ಅನುವಾದಕ್ಕೆ ಬಂದಿಲ್ಲ. ದುಡ್ಡು ಯಾವಾಗ ನಿಲ್ಲಿಸುತ್ತೇವೆ ಎಂಬ ಕಲಮು ಬಂದಿಲ್ಲ, ಗಿರಾಕಿ ತಕರಾರು ತೆಗೆದರೆ ಯಾರ ಜೇಬಿನಿಂದ ಹೋಗುತ್ತದೆ ಎಂಬುದೂ ಬಂದಿಲ್ಲ. ಕರೆಯುವ ಮಾತಿಗೆ ನಮ್ಮ ಭಾಷೆ ಬೇಕು, ಕಟ್ಟಿಹಾಕುವ ಮಾತಿಗೆ ಬೇಡ. ಸಾಲಿಗಿಷ್ಟು ಎಂದು ದುಡ್ಡು ತೆಗೆದುಕೊಂಡವಳು ನಾನೂ ಹೌದು, ಆದ್ದರಿಂದ ಇದನ್ನು ದೂರದಿಂದ ನಿಂತು ಹೇಳುತ್ತಿಲ್ಲ.

ಕಾನೂನಿನ ಭಾಷೆಯನ್ನು ಅನುವಾದಿಸಲಾಗದು, ಗೊಂದಲವಾಗುತ್ತದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ನೆಪ. ಸಾಲದ ವಿಷಯದಲ್ಲಿ ಇದು ಆಗಲೇ ಬಗೆಹರಿದಿದೆ. 2024ರ ಏಪ್ರಿಲ್‌ನಲ್ಲಿ ಹೊರಟ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರಕಾರ, ಅದೇ ಅಕ್ಟೋಬರ್ 1ರಿಂದ, ಚಿಲ್ಲರೆ ಸಾಲಕ್ಕೂ ಸಣ್ಣ ಉದ್ದಿಮೆಗಳ ಅವಧಿ ಸಾಲಕ್ಕೂ 'ಮುಖ್ಯ ಸಂಗತಿಗಳ ಪತ್ರ' ಕೊಡಬೇಕು. ಬಡ್ಡಿ ಎಷ್ಟು, ಬೇರೆ ಶುಲ್ಕ ಏನೇನು, ಎಲ್ಲ ಸೇರಿ ವರ್ಷಕ್ಕೆಷ್ಟು ಬೀಳುತ್ತದೆ ಎಂಬುದು ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಿ ವಿವರಿಸಿ, ಅರ್ಥವಾಯಿತು ಎಂದು ಬರೆಸಿಕೊಳ್ಳಬೇಕು. ಪತ್ರದಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ.

ಅಂದರೆ ಇದೇ ಕಾಕು ನಾಳೆ ಅಂಗಡಿಗೆಂದು ಅವಧಿ ಸಾಲಕ್ಕೆ ಹೋದರೆ, ಬ್ಯಾಂಕಿನ ದುಡ್ಡು ಅವರ ಕೈಗೆ ಬರುವ ಮೊದಲು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರ ಸಿಗುತ್ತದೆ. ಅವರದೇ ದುಡ್ಡು ಇನ್ನೊಬ್ಬರ ಕೈಯಲ್ಲಿ ನಿಲ್ಲುವ ಒಪ್ಪಂದಕ್ಕೆ ಅಂಥ ಪತ್ರವಿಲ್ಲ. ಇದಕ್ಕೆ ಯಾವ ತರ್ಕವಿದೆ ಹೇಳಿ. ಅಂಗಡಿಗೂ ಬ್ಯಾಂಕಿಗೂ ನಡುವೆ ನಿಲ್ಲುವ ಪೇಮೆಂಟ್ ಅಗ್ರಿಗೇಟರ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕು 2020ರ ಮಾರ್ಚಿನಲ್ಲೇ ನಿಯಮ ಮಾಡಿದೆ, ಅಂಗಡಿಗಳ ದುಡ್ಡನ್ನು ಪ್ರತ್ಯೇಕ ಎಸ್ಕ್ರೊ ಖಾತೆಯಲ್ಲಿಡಬೇಕು ಎಂದಿದೆ. 2025ರ ಸೆಪ್ಟೆಂಬರಿನಲ್ಲಿ ಅಂಗಡಿ ಮಶೀನಿನ ಕಂಪನಿಗಳನ್ನೂ ಆ ಚೌಕಟ್ಟಿಗೆ ತಂದಿದೆ. ದುಡ್ಡು ಎಲ್ಲಿರಬೇಕು ಎಂದು ಯೋಚಿಸಿದವರಿಗೆ ಆ ದುಡ್ಡಿನ ಒಡತಿಗೆ ವಿಷಯ ಯಾವ ಭಾಷೆಯಲ್ಲಿ ತಿಳಿಯಬೇಕು ಎಂದು ಯೋಚಿಸುವುದು ಕಷ್ಟವೇನಲ್ಲ. ಸಾಲದ ಪತ್ರದ ನಮೂನೆ ಕೈಯಲ್ಲೇ ಇದೆ. ಅಂಥದೇ ಒಂದು ಪುಟ ವ್ಯಾಪಾರಿಗೂ ಕಡ್ಡಾಯವಾಗಬೇಕು.

ಪುಣೆಯಲ್ಲಿ ಕೂತು ಕನ್ನಡ ಕೇಳುವುದು ಅತಿಯಾಯಿತು ಎಂದು ನಿಮ್ಮಲ್ಲೇ ಕೆಲವರಿಗೆ ಅನ್ನಿಸಬಹುದು. ಬ್ಯಾಂಕುಗಳ ಅರ್ಜಿ, ಪಾಸ್‌ಬುಕ್ಕುಗಳಿಗೆ ಹಿಂದಿನಿಂದಲೂ ಇರುವ ತ್ರಿಭಾಷಾ ನಿಯಮ ಆಯಾ ಪ್ರದೇಶದ ಭಾಷೆಗೆ ಸಂಬಂಧಿಸಿದ್ದು. ಅದರಂತೆ ಇಲ್ಲಿ ಮರಾಠಿ ಬರುತ್ತದೆ, ಚೆನ್ನೈಯಲ್ಲಿ ತಮಿಳು. ಮುಖ್ಯ ಸಂಗತಿಗಳ ಪತ್ರದ ನಿಯಮದಲ್ಲಿ 'ಪ್ರದೇಶದ ಭಾಷೆ' ಎಂದಿಲ್ಲ, 'ಸಾಲಗಾರನಿಗೆ ಅರ್ಥವಾಗುವ ಭಾಷೆ' ಎಂದಿದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ವ್ಯತ್ಯಾಸ ದೊಡ್ಡದು. ಹಾಗೆಂದು ನಾನು ಕನ್ನಡವೇ ಆಗಬೇಕೆಂದು ಹಟ ಹಿಡಿದಿಲ್ಲ. ಕಾಕುವಿಗೆ ಮರಾಠಿಯಲ್ಲಿ ಕೊಟ್ಟಿದ್ದರೂ ನಡೆಯುತ್ತಿತ್ತು, ನಲವತ್ತು ವರ್ಷದಿಂದ ಇಲ್ಲಿದ್ದಾರೆ. ಅದೂ ಇರಲಿಲ್ಲ. (ಕೊಡುವಾಗ 'ಚಾರ್ಜ್‌ಬ್ಯಾಕ್' ಎಂಬುದಕ್ಕೆ ನಿಘಂಟಿನಿಂದ ಯಾವುದೋ ಸಂಸ್ಕೃತದ ಸಮಾಸ ಹುಡುಕಿ ತಂದರೆ ನಾನೇ ಜಗಳಕ್ಕೆ ಬರುತ್ತೇನೆ. ಚಾರ್ಜ್‌ಬ್ಯಾಕ್ ಎಂದೇ ಬರೆಯಿರಿ. ಗಿರಾಕಿ ತನ್ನ ಬ್ಯಾಂಕಿಗೆ ತಕರಾರು ಕೊಟ್ಟರೆ ನಿಮ್ಮ ಖಾತೆಯಿಂದ ದುಡ್ಡು ವಾಪಸ್ ಹೋಗುತ್ತದೆ ಎಂದು ಮುಂದಿನ ಸಾಲಿನಲ್ಲಿ ಹೇಳಿ.)

ನಿಯಮ ಬರುವ ತನಕ ಏನು ಮಾಡುವುದು? ಈ ಪತ್ರ ಓದುವವರಲ್ಲಿ ಮಾಟುಂಗಾದ ಹೋಟೆಲಿನವರಿದ್ದೀರಿ, ಹೈದರಾಬಾದಿನಲ್ಲಿ ಕ್ಲಿನಿಕ್ ಇಟ್ಟವರಿದ್ದೀರಿ. ಮಶೀನು ತರುವ ಏಜೆಂಟನ ಕೈಗೆ ಫೋನು ಕೊಡಬೇಡಿ. ಅರ್ಜಿಯನ್ನು ನೀವೇ ತುಂಬಿ, ಇಂಗ್ಲಿಷ್ ಬಾರದಿದ್ದರೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸರಾಸರಿ ಮೊತ್ತ ಬರೆಯುವಾಗ ವರ್ಷದ ಸರಾಸರಿಯ ಜೊತೆ ನಿಮ್ಮ ಅತಿ ದೊಡ್ಡ ಬಿಲ್ಲು ಎಷ್ಟಿರುತ್ತದೆ, ಯಾವ ತಿಂಗಳಲ್ಲಿ ಎಂದೂ ಇಮೇಲಿನಲ್ಲಿ ತಿಳಿಸಿ. ಆ ಇಮೇಲು ನಾಳೆ ನಿಮ್ಮ ಸಾಕ್ಷಿ. ಪರಿಶೀಲನೆಗೆಂದು ದುಡ್ಡು ನಿಲ್ಲಿಸಿದರೆ ಹೆಚ್ಚೆಂದರೆ ಎಷ್ಟು ದಿನ, ಆ ಒಂದು ವ್ಯವಹಾರದ್ದೋ ಇಡೀ ಖಾತೆಯದೋ ಎಂದು ಕೇಳಿ. ಕಾಕುವಿನ ಪಾಲಿಗೆ ಇಡೀ ಖಾತೆಯೇ ನಿಂತಿತ್ತು. ಬಾಯಿಮಾತಿನ ಉತ್ತರ ಒಪ್ಪಬೇಡಿ. ಬಿಲ್ಲು, ಸ್ವೈಪ್ ಮಾಡಿದ ಚೀಟಿ ಎರಡನ್ನೂ ಇಟ್ಟುಕೊಳ್ಳಿ: ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ಬಗೆಯ ತಕರಾರಿಗೆ ಗಿರಾಕಿಗೆ 120 ದಿನಗಳ ಅವಕಾಶವಿದೆ, ಚೀಟಿಯ ಅಕ್ಷರವೋ ಅಷ್ಟರಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಫೋಟೊ ತೆಗೆದಿಡಿ. ಮಶೀನು ವಾಪಸ್ ಕೊಟ್ಟ ಮೇಲೂ ಬಾಡಿಗೆ ಕಡಿತವಾಗುತ್ತದೆಯೇ, ಎಷ್ಟು ತಿಂಗಳು ಇಟ್ಟುಕೊಳ್ಳಲೇಬೇಕು ಎಂಬುದನ್ನೂ ಮರೆಯಬೇಡಿ.

ಇಬ್ಬರ ನಡುವೆ ಆರಿಸಬೇಕಾಗಿ ಬಂದರೆ, ನನ್ನ ಅಭಿಪ್ರಾಯದಲ್ಲಿ, ಶೇ. 0.2 ಹೆಚ್ಚಾದರೂ ನಿಮ್ಮ ಕರೆಂಟ್ ಅಕೌಂಟ್ ಇರುವ ಬ್ಯಾಂಕೇ ವಾಸಿ. ಅಲ್ಲೂ ಮಶೀನಿನ ಹಿಂದೆ ಬೇರೆ ಕಂಪನಿ ಇರಬಹುದು. ಆದರೂ ಶಾಖೆಯೊಂದಿರುತ್ತದೆ, ಅಲ್ಲೊಬ್ಬ ಮ್ಯಾನೇಜರ್ ಕೂತಿರುತ್ತಾರೆ, ಅವರ ಮುಂದೆ ಹೋಗಿ 'ಯಾರು ತಡದಾರ' ಎಂದು ಕೇಳಬಹುದು.

ಕಾಕುವಿನ ದುಡ್ಡು 23ನೆಯ ದಿನ ಬಂತು. ಬಿಲ್ಲಿನ ಪ್ರತಿ, ಸ್ವೈಪ್ ಚೀಟಿಯ ಫೋಟೊ, ಸೀರೆ ಒಯ್ದವರ ಒಂದು ಪತ್ರ ಎಲ್ಲವನ್ನೂ ಸೇರಿಸಿ ನಾನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಿದ ಮೇಲೆ. ಕ್ಷಮೆಯಿಲ್ಲ, ವಿವರಣೆಯಿಲ್ಲ, ಪರಿಶೀಲನೆ ಪೂರ್ಣಗೊಳಿಸಲಾಗಿದೆ ಎಂಬ ಒಂದು ಸಾಲು. ಇಂಗ್ಲಿಷ್ ಬಲ್ಲ ನೆರೆಯವಳಿಲ್ಲದಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ.

ಕಳೆದ ತಿಂಗಳು ಏಜೆನ್ಸಿಯೊಂದರಿಂದ ನನಗೆ ಮತ್ತೆ ಕೆಲಸ ಬಂತು, ಇಂಥದೇ ಇನ್ನೊಂದು ಕಂಪನಿಯ ಜಾಹೀರಾತಿನ ನಲವತ್ತು ಸಾಲು. ಒಪ್ಪಂದದ ಮುಖ್ಯ ಕಲಮುಗಳನ್ನೂ ಕಳಿಸಿ, ಅವನ್ನು ಅರ್ಧ ದರಕ್ಕೆ ಮಾಡಿಕೊಡುತ್ತೇನೆ ಎಂದು ಬರೆದೆ. ಗ್ರಾಹಕರಿಗೆ ತಿಳಿಸುತ್ತೇವೆ ಎಂದರು. ಜಾಹೀರಾತಿನ ನಲವತ್ತು ಸಾಲು ಬೇರೆ ಯಾರಿಗೋ ಹೋಯಿತು. ಕಾಕು ಈಗ ಹಳೆಯ ಮಶೀನನ್ನು ಡಬ್ಬದಲ್ಲಿ ಹಾಕಿ ಅಟ್ಟಕ್ಕೇರಿಸಿದ್ದಾರೆ, ಅದರ ಬಾಡಿಗೆ ಇನ್ನೂ ಕಡಿತವಾಗುತ್ತಿದೆ. ನಿಲ್ಲಿಸಿ ಎಂದು ನಾನು ಬರೆದ ಮೂರನೆಯ ಇಮೇಲಿಗೆ ಉತ್ತರ ಕಾಯುತ್ತಿದ್ದೇವೆ.